ಸುಟ್ಟ ಜಾಗದ ಪಕ್ಕದ ಗದ್ದೆ: ಲಾಂಗ್‌ಟಾಂಗ್‌ನ ಮಣ್ಣು ಹೇಳುವುದೇನು?

ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ, ಗ್ವಾಂಗ್‌ಝೌ ಮಹಾನಗರದಿಂದ ಉತ್ತರಕ್ಕೆ ಹೋದರೆ ಚಿಂಗ್‌ಯುವಾನ್ ಸಿಗುತ್ತದೆ. ಅದರ ವ್ಯಾಪ್ತಿಗೆ ಸೇರಿದ ಲಾಂಗ್‌ಟಾಂಗ್ ಮೂಲತಃ ಭತ್ತ, ತರಕಾರಿ ಬೆಳೆಯುವ ಊರು. ವರ್ಷಗಟ್ಟಲೆ ಅಲ್ಲಿಗೆ ಹಳೆಯ ಕೇಬಲ್ಲು, ಮೋಟಾರು, ಟ್ರಾನ್ಸ್‌ಫಾರ್ಮರು, ಸರ್ಕಿಟ್ ಬೋರ್ಡುಗಳು ಲಾರಿಗಟ್ಟಲೆ ಬಂದು ಬಿದ್ದವು. ಅವನ್ನು ಬಿಚ್ಚುತ್ತಿದ್ದವರಲ್ಲಿ ಹೆಚ್ಚಿನವರು ಮನೆಯಂಗಳದಲ್ಲೇ ಕೆಲಸ ಹೂಡಿಕೊಂಡ ಕುಟುಂಬಗಳು, ಹೊರಗಿನಿಂದ ಬಂದ ಕೂಲಿಗಳು. ಅವರಿಗೆ ಮುಖ್ಯವಾಗಿ ಬೇಕಿದ್ದದ್ದು ತಾಮ್ರ. ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಲಿಯುತ್ತ ಕೂತರೆ ದಿನಗೂಲಿ ಗಿಟ್ಟುವುದಿಲ್ಲ. ಆದ್ದರಿಂದ ಊರಾಚೆಯ ಬಯಲಿನಲ್ಲಿ, ಗದ್ದೆಯ ಅಂಚಿನಲ್ಲಿ, ಕೆರೆಯ ದಂಡೆಯಲ್ಲಿ ತಂತಿಯ ಕಂತೆಗಳನ್ನು ರಾಶಿ ಹಾಕಿ ಬೆಂಕಿ ಕೊಡುತ್ತಿದ್ದರು. ಹೊದಿಕೆ ಉರಿದು ಹೋಗುತ್ತಿತ್ತು, ತಾಮ್ರ ಉಳಿಯುತ್ತಿತ್ತು, ಬೂದಿ ಅಲ್ಲೇ ಬಿದ್ದಿರುತ್ತಿತ್ತು.

ಆ ಬೂದಿ ಬಿದ್ದ ನೆಲದ ಮೇಲೆ, ಅದರ ಸುತ್ತಲಿನ ಗದ್ದೆ ಮತ್ತು ತರಕಾರಿ ತೋಟಗಳ ಮೇಲೆ ಚೀನಾ ವಿಜ್ಞಾನ ಅಕಾಡೆಮಿಯ ಸಂಶೋಧಕರು ಮಾಡಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಇ-ತ್ಯಾಜ್ಯದ ವಿಷಯ ಬಂದಾಗ ಜಗತ್ತು ಹೆಚ್ಚಾಗಿ ಮಾತಾಡುವುದು ಅದೇ ಪ್ರಾಂತ್ಯದ ಗುಯಿಯು ಪಟ್ಟಣದ ಬಗ್ಗೆ. 2002ರಲ್ಲಿ ಹೊರಬಂದ ಒಂದು ವರದಿಯಿಂದ ಗುಯಿಯು ಕುಖ್ಯಾತವಾಯಿತು. ಆದರೂ ಈ ಬರಹಕ್ಕೆ ನಾನು ಲಾಂಗ್‌ಟಾಂಗನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಗುಯಿಯುವಿನ ಕಥೆಯಲ್ಲಿ ಹೊಗೆ, ಆಮ್ಲದ ತೊಟ್ಟಿ, ಕಪ್ಪು ನೀರಿನ ಹೊಳೆ ಇವೆಲ್ಲ ಕಣ್ಣಿಗೆ ರಾಚುತ್ತವೆ. ಲಾಂಗ್‌ಟಾಂಗ್‌ನ ಅಧ್ಯಯನ ನೋಡಿದ್ದು ಹಸಿರಾಗಿ ಕಾಣುವ ಗದ್ದೆಯನ್ನು. ರೈತರ ಮಟ್ಟಿಗೆ ನಿಜವಾದ ಪ್ರಶ್ನೆ ಇರುವುದು ಅಲ್ಲಿ.

ಸುಟ್ಟ ಜಾಗ

ಮೊದಲು ಬೆಂಕಿ ಹಾಕಿದ ಜಾಗದ ಲೆಕ್ಕ ನೋಡೋಣ. ಅಲ್ಲಿನ ಮಣ್ಣಿನಲ್ಲಿ ಸರಾಸರಿ ಪ್ರತಿ ಕೆಜಿಗೆ ತಾಮ್ರ 11,140 ಮಿಲಿಗ್ರಾಂ, ಸೀಸ 4,500, ಸತು 3,690, ಕ್ಯಾಡ್ಮಿಯಂ 17.1 ಮಿಲಿಗ್ರಾಂ ಸಿಕ್ಕಿತು. ತಾಮ್ರದ ಅಂಕಿಯನ್ನು ಬೇರೆ ರೀತಿಯಲ್ಲಿ ಹೇಳಿದರೆ ಅದರ ಗಾತ್ರ ತಿಳಿಯುತ್ತದೆ: ಮಣ್ಣಿನ ತೂಕದಲ್ಲಿ ಶೇ. 1ಕ್ಕಿಂತ ಹೆಚ್ಚು ತಾಮ್ರವೇ. ಇಂದು ಜಗತ್ತಿನ ಎಷ್ಟೋ ಗಣಿಗಳಲ್ಲಿ ಅಗೆದು ತೆಗೆಯುವ ಅದಿರಿನಲ್ಲಿ ಇಷ್ಟು ತಾಮ್ರ ಇರುವುದಿಲ್ಲ. ಕ್ಯಾಡ್ಮಿಯಂ 17.1 ಎಂಬುದು ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕ ಸಂಖ್ಯೆ. ಆದರೆ ಮೂತ್ರಪಿಂಡ, ಮೂಳೆಗಳನ್ನು ಕೆಡಿಸುವ ಈ ಲೋಹಕ್ಕೆ ಆಗ ಚೀನಾದಲ್ಲಿ ಹುಳಿ ಮಣ್ಣಿನ ಕೃಷಿಭೂಮಿಯಲ್ಲಿ ಇದ್ದ ಮಿತಿ 0.3. ಅಂದರೆ ಮಿತಿಯ 57 ಪಟ್ಟು.

ತಂತಿಯಿಂದ ಕ್ಯಾಡ್ಮಿಯಂ ಬಂದದ್ದು ಹೇಗೆ ಎಂದು ಕೇಳಬಹುದು. ಹಳೆಯ ಕೇಬಲ್ಲುಗಳ ಪಿವಿಸಿ ಹೊದಿಕೆ ಬಿಸಿಲು, ಶಾಖಕ್ಕೆ ಕೆಡದಿರಲಿ ಎಂದು ಸೀಸ ಮತ್ತು ಕ್ಯಾಡ್ಮಿಯಂ ಲವಣಗಳನ್ನು ಬೆರೆಸುತ್ತಿದ್ದರು. ಸ್ವಿಚ್ಚು, ರಿಲೇಗಳ ಸಂಪರ್ಕ ಬಿಂದುಗಳಲ್ಲಿ, ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳಲ್ಲಿ, ಕೆಲವು ಬಣ್ಣದ ಪ್ಲಾಸ್ಟಿಕ್‌ಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು. ಬೋರ್ಡಿನ ಬೆಸುಗೆಯಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸೀಸ, ಉಳಿದದ್ದು ತವರ. ಪಿವಿಸಿ ಉರಿದಾಗ ಕ್ಲೋರಿನ್ ಬಿಡುಗಡೆಯಾಗುತ್ತದೆ. ಅದರೊಂದಿಗೆ ಸೇರಿದ ಸೀಸ, ಕ್ಯಾಡ್ಮಿಯಂಗಳು ಸಾಧಾರಣ ಬೆಂಕಿಯಲ್ಲೂ ಆವಿಯಾಗಿ ಹೊಗೆಯ ಜೊತೆ ಎದ್ದು, ತಣ್ಣಗಾದಾಗ ನವುರಾದ ಬೂದಿಯ ಕಣಗಳ ಮೇಲೆ ಕೂರುತ್ತವೆ. ದಪ್ಪ ಬೂದಿ ಅಲ್ಲೇ ಉಳಿದರೆ ಈ ನವುರು ಬೂದಿ ಗಾಳಿ ಹೋದಲ್ಲಿಗೆ ಹೋಗುತ್ತದೆ. ಯುರೋಪ್ ಒಕ್ಕೂಟ 2006ರ ಜುಲೈನಿಂದ ಹೊಸ ವಿದ್ಯುನ್ಮಾನ ಸಾಮಾನುಗಳಲ್ಲಿ ಸೀಸವನ್ನು ಶೇ. 0.1ಕ್ಕೆ, ಕ್ಯಾಡ್ಮಿಯಂ ಅನ್ನು ಶೇ. 0.01ಕ್ಕೆ ಇಳಿಸಿತು. ಆದರೆ ಗುಜರಿಗೆ ಬರುವುದು ಹತ್ತು, ಹದಿನೈದು, ಇಪ್ಪತ್ತು ವರ್ಷ ಹಳೆಯ ಸಾಮಾನು.

ಪಕ್ಕದ ಗದ್ದೆ

ಸುಟ್ಟ ಜಾಗವನ್ನು ನೋಡಿದರೆ ಯಾರಿಗಾದರೂ ಅನುಮಾನ ಬರುತ್ತದೆ. ನೆಲ ಕಪ್ಪಾಗಿರುತ್ತದೆ, ಹುಲ್ಲು ಸರಿಯಾಗಿ ಏಳುವುದಿಲ್ಲ, ಅಲ್ಲಿ ಯಾರೂ ಬಿತ್ತನೆ ಮಾಡುವುದಿಲ್ಲ. ಗದ್ದೆಯ ವಿಷಯ ಹಾಗಲ್ಲ. ಲಾಂಗ್‌ಟಾಂಗ್‌ನ ಗದ್ದೆ ಮತ್ತು ತೋಟಗಳ ಮಣ್ಣಿನಲ್ಲಿ ಸಿಕ್ಕ ಲೋಹ ಸುಟ್ಟ ಜಾಗಕ್ಕಿಂತ ಎಷ್ಟೋ ಕಡಿಮೆ. ಕ್ಯಾಡ್ಮಿಯಂ, ತಾಮ್ರ ಎರಡು ಮಾತ್ರ ಎದ್ದು ಕಾಣುವಷ್ಟಿದ್ದವು. ಇಷ್ಟನ್ನೇ ಓದಿದರೆ ನೆಮ್ಮದಿ ಅನ್ನಿಸಬಹುದು. ಆದರೆ ಅಲ್ಲಿ ಬೆಳೆದ ತರಕಾರಿಯ ತಿನ್ನುವ ಭಾಗವನ್ನು ಪರೀಕ್ಷಿಸಿದಾಗ, ಹೆಚ್ಚಿನ ಮಾದರಿಗಳಲ್ಲಿ ಕ್ಯಾಡ್ಮಿಯಂ ಮತ್ತು ಸೀಸ ಚೀನಾದ ಆಹಾರ ಮಿತಿಯನ್ನು ಮೀರಿದ್ದವು.

ಕಡಿಮೆ ಲೋಹದ ಮಣ್ಣಿನಿಂದ ಮಿತಿ ಮೀರಿದ ತರಕಾರಿ ಹೇಗೆ ಬಂತು? ಇದನ್ನು ಅರ್ಥ ಮಾಡಿಕೊಳ್ಳಲು ಸಂಶೋಧಕರು ಮಣ್ಣನ್ನು ಹಂತಹಂತವಾಗಿ ಬೇರೆಬೇರೆ ದ್ರಾವಣಗಳಲ್ಲಿ ತೊಳೆದರು. ಮೊದಲ ಹಂತದ ಸೌಮ್ಯ ದ್ರಾವಣಕ್ಕೇ ಬಿಟ್ಟುಕೊಡುವ ಲೋಹ ಬೇರಿಗೂ ಸುಲಭವಾಗಿ ಸಿಗುತ್ತದೆ. ಕಟು ಆಮ್ಲಕ್ಕೆ ಮಾತ್ರ ಬಿಡುವ ಲೋಹ ಖನಿಜದ ಒಳಗೆ ಬಂಧಿಯಾಗಿರುತ್ತದೆ. ತಾಮ್ರ, ಸೀಸ, ಸತುಗಳ ದೊಡ್ಡ ಪಾಲು ಈ ಕೊನೆಯ ಹಂತದಲ್ಲಿತ್ತು. ಅದರ ನಂತರದ ಪಾಲು ಕಾರ್ಬೊನೇಟ್‌ಗಳಿಗೆ ಅಂಟಿಕೊಂಡಿತ್ತು. ಗದ್ದೆ ಮತ್ತು ತೋಟದ ಮಣ್ಣಿನ ಕ್ಯಾಡ್ಮಿಯಂ ಮಾತ್ರ ಬಹುಪಾಲು ಮೊದಲ ಹಂತದಲ್ಲೇ ಹೊರಬಂತು.

ಈ ಅಧ್ಯಯನದಿಂದ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಬೇಕು. ಒಟ್ಟು ಎಷ್ಟು ಲೋಹವಿದೆ ಎಂಬ ಅಂಕಿ ಬೆಳೆಯ ಬಗ್ಗೆ ಅರ್ಧವನ್ನು ಮಾತ್ರ ಹೇಳುತ್ತದೆ. ಸೀಸ ಕೆಜಿಗೆ ನೂರು ಮಿಲಿಗ್ರಾಂ ಇದ್ದರೂ ಬೇರಿನ ಬಳಿಯೇ ಕೂತಿರಬಹುದು. ಕ್ಯಾಡ್ಮಿಯಂ ಕೆಜಿಗೆ ಒಂದೇ ಮಿಲಿಗ್ರಾಂ ಇದ್ದರೂ ಅಕ್ಕಿಯೊಳಗೆ ಬಂದು ಸೇರಬಹುದು. ಭತ್ತದ ಬೇರು ಮ್ಯಾಂಗನೀಸ್ ಪೋಷಕಾಂಶವನ್ನು ಒಳಕ್ಕೆ ಎಳೆದುಕೊಳ್ಳುವ ದಾರಿಯಲ್ಲೇ ಕ್ಯಾಡ್ಮಿಯಂ ಕೂಡ ನುಗ್ಗುತ್ತದೆ. ಗಿಡಕ್ಕೆ ಅದರಿಂದ ಕಾಣುವಂಥ ತೊಂದರೆಯಾಗುವ ಮೊದಲೇ ಅಕ್ಕಿ ತಿನ್ನಲು ಯೋಗ್ಯವಲ್ಲದ ಮಟ್ಟ ಮುಟ್ಟಿರುತ್ತದೆ. ಪೈರು ಹಸಿರಾಗಿರುತ್ತದೆ, ಇಳುವರಿ ಕುಸಿಯುವುದಿಲ್ಲ, ಕಾಳಿನ ಬಣ್ಣ ಬದಲಾಗುವುದಿಲ್ಲ. ರೈತನ ಅನುಭವದ ಕಣ್ಣಿಗೆ ಇದು ಕಾಣುವುದೇ ಇಲ್ಲ.

ತರಕಾರಿಯಲ್ಲಿ ಸೀಸ ಸಿಕ್ಕಿತಲ್ಲ, ಅದರ ದಾರಿ ಬೇರೆ. ಸೀಸ ಬೇರಿನಿಂದ ಎಲೆಗೆ ಹತ್ತುವುದು ಕಡಿಮೆ. ಎಲೆಯ ಮೇಲೆ ಕೂತ ದೂಳಿನಿಂದ ಬರುವುದೇ ಹೆಚ್ಚು. ಅಗಲ ಎಲೆಯ, ನೆಲಕ್ಕೆ ಹತ್ತಿರ ಬೆಳೆಯುವ ಸೊಪ್ಪುಗಳಿಗೆ ಎರಡೂ ಕಡೆಯಿಂದ ಪೆಟ್ಟು: ಮಣ್ಣಿನಿಂದ ಕ್ಯಾಡ್ಮಿಯಂ, ಗಾಳಿಯಿಂದ ಸೀಸ. ಝೆಜಿಯಾಂಗ್ ಪ್ರಾಂತ್ಯದ ತಾಯ್‌ಝೌ ಎಂಬ ಇನ್ನೊಂದು ಇ-ತ್ಯಾಜ್ಯ ಪ್ರದೇಶದ ಅಕ್ಕಿಯ ಬಗ್ಗೆ 2008ರಲ್ಲಿ ಬಂದ ಅಧ್ಯಯನದಲ್ಲಿ ಸೀಸ ಕೆಜಿಗೆ ಸರಾಸರಿ 0.69 ಮಿಲಿಗ್ರಾಂ ಇತ್ತು, ಮಿತಿ 0.2. ಶೇ. 31ರಷ್ಟು ಮಾದರಿಗಳಲ್ಲಿ ಕ್ಯಾಡ್ಮಿಯಂ ಕೂಡ ಮಿತಿ ದಾಟಿತ್ತು. ಅಕ್ಕಿಯಲ್ಲಿ ಅಷ್ಟು ಸೀಸ ಬಂದದ್ದರಲ್ಲಿ ತೆನೆಯ ಮೇಲೆ ಕೂತ ದೂಳಿನ ಪಾಲು ದೊಡ್ಡದಿರಬೇಕು ಎಂಬುದು ನನ್ನ ಎಣಿಕೆ.

ಹುಳಿ ಮಣ್ಣು, ನೀರು ಬಸಿಯುವ ಹೊತ್ತು

ಗ್ವಾಂಗ್‌ಡಾಂಗ್‌ನ ಕೆಂಪು ಮಣ್ಣು ಸ್ವಭಾವತಃ ಹುಳಿ. ಮಳೆ ಹೆಚ್ಚು, ಅದರ ಮೇಲೆ ಕೈಗಾರಿಕೆಗಳಿಂದ ಬರುವ ಆಮ್ಲ ಮಳೆ. ಕಿಲುಬು ಹಿಡಿದ ತಾಮ್ರದ ಬಿಂದಿಗೆಗೆ ಹುಣಸೆಹಣ್ಣು ತಿಕ್ಕಿದರೆ ಕಿಲುಬು ಕರಗಿ ಬರುವ ಹಾಗೆಯೇ ಹುಳಿ ಮಣ್ಣು ಹಿಡಿದಿಟ್ಟ ಲೋಹವನ್ನು ಬಿಟ್ಟುಕೊಡುತ್ತದೆ. ಇಂದು ಕಾರ್ಬೊನೇಟಿಗೆ ಅಂಟಿಕೊಂಡು ಸುಮ್ಮನಿರುವ ಸೀಸ, ತಾಮ್ರಗಳೂ ಮಣ್ಣು ಇನ್ನಷ್ಟು ಹುಳಿಯಾದರೆ ಸುಮ್ಮನಿರುವುದಿಲ್ಲ. ಚೀನಾ 2018ರಲ್ಲಿ ತಂದ ಕೃಷಿಭೂಮಿಯ ಹೊಸ ಮಾನದಂಡ ಇದನ್ನು ಒಪ್ಪಿಕೊಂಡೇ ಬರೆದದ್ದು. ಭತ್ತದ ಗದ್ದೆಯಲ್ಲಿ ರಸಸಾರ (ಪಿಎಚ್; ಇದು ಕಡಿಮೆಯಾದಷ್ಟೂ ಮಣ್ಣು ಹೆಚ್ಚು ಹುಳಿ) 5.5ಕ್ಕಿಂತ ಹೆಚ್ಚಿಲ್ಲದಿದ್ದರೆ ಕ್ಯಾಡ್ಮಿಯಂ ಕೆಜಿಗೆ 0.3 ಮಿಲಿಗ್ರಾಂ ದಾಟಿದೊಡನೆ ಎಚ್ಚರ ವಹಿಸಬೇಕು, ರಸಸಾರ 7.5 ಮೀರಿದ್ದರೆ 0.8ರ ತನಕ ಅವಕಾಶವಿದೆ. ಇನ್ನೊಂದು ಮೇಲಿನ ಗೆರೆಯೂ ಇದೆ, ಹುಳಿ ಗದ್ದೆಗೆ 1.5. ಅದನ್ನು ದಾಟಿದರೆ ಸರ್ಕಾರ ಮಧ್ಯೆ ಬರಬೇಕು. ಅಲ್ಲಿ ತಿನ್ನುವ ಬೆಳೆ ಬೇಕೋ ಬೇಡವೋ ಎಂಬ ತೀರ್ಮಾನ ಆಗಬೇಕು.

ಗದ್ದೆಯ ನೀರಿಗೂ ಇದರಲ್ಲಿ ಪಾತ್ರವಿದೆ. ನೀರು ನಿಂತ ಕೆಸರಿನಲ್ಲಿ ಆಮ್ಲಜನಕ ಇರುವುದಿಲ್ಲ. ಆಗ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದ ರೂಪಕ್ಕೆ ತಿರುಗುತ್ತದೆ. ಕೊಯ್ಲಿಗೆ ಅನುಕೂಲವಾಗಲೆಂದು ಕಾಳು ಬಲಿಯುವ ಹೊತ್ತಿಗೆ ನೀರು ಬಸಿದರೆ ಗಾಳಿ ಒಳಹೊಕ್ಕು ಆ ಬಂಧ ಒಡೆಯುತ್ತದೆ, ಮಣ್ಣೂ ಮತ್ತೆ ಹುಳಿಯ ಕಡೆಗೆ ಜಾರುತ್ತದೆ. ಕಾಳು ಹಾಲುಗಟ್ಟುವ ಆ ದಿನಗಳಲ್ಲೇ ಕ್ಯಾಡ್ಮಿಯಂ ಅತಿ ಹೆಚ್ಚು ಸಲೀಸಾಗಿ ಮೇಲೇರುತ್ತದೆ. ಹುನಾನ್ ಪ್ರಾಂತ್ಯದಲ್ಲಿ 2014ರಿಂದ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ ಕ್ರಮ ಈ ತಿಳಿವಳಿಕೆಯ ಮೇಲೆಯೇ ನಿಂತಿದೆ. ಕ್ಯಾಡ್ಮಿಯಂ ಕಡಿಮೆ ಹೀರುವ ತಳಿ ಹಾಕುವುದು, ಕೊಯ್ಲಿಗೆ ಸ್ವಲ್ಪ ಮುಂಚಿನ ತನಕ ಗದ್ದೆಯಲ್ಲಿ ನೀರು ನಿಂತಿರುವಂತೆ ನೋಡಿಕೊಳ್ಳುವುದು, ಸುಣ್ಣ ಕೊಟ್ಟು ರಸಸಾರ ಏರಿಸುವುದು. ಒಂದು ತೊಡಕಿದೆ: ಗದ್ದೆಯಲ್ಲಿ ನೀರು ನಿಂತಷ್ಟೂ ಮಣ್ಣಿನ ಆರ್ಸೆನಿಕ್ ಎಂಬ ಇನ್ನೊಂದು ವಿಷ ಕರಗುತ್ತದೆ. ಎರಡೂ ಇರುವ ಮಣ್ಣಿನಲ್ಲಿ ಒಂದನ್ನು ತಡೆಯಲು ಹೋಗಿ ಇನ್ನೊಂದನ್ನು ಅನ್ನಕ್ಕೆ ಸೇರಿಸುವ ಅಪಾಯವಿದೆ.

ಎಕರೆಗೆ ಒಂದು ಕೆಜಿ

ಕೆಲವರು ಕೇಳುವುದುಂಟು, ಸುಡುವುದು ನಿಂತಮೇಲೆ ಮಣ್ಣು ತಾನಾಗಿ ಸರಿಹೋಗುವುದಿಲ್ಲವೇ ಎಂದು. ಕೈಲೆಕ್ಕ ಹಾಕಿ ನೋಡಬಹುದು. ಒಂದು ಎಕರೆಯ ಮೇಲಿನ 20 ಸೆಂ.ಮೀ. ಮಣ್ಣಿನ ತೂಕ ಸುಮಾರು ಸಾವಿರ ಟನ್. ಅದರಲ್ಲಿ ಕೆಜಿಗೆ 1 ಮಿಲಿಗ್ರಾಂ ಕ್ಯಾಡ್ಮಿಯಂ ಇದೆ ಎಂದರೆ ಎಕರೆಗೆ ಸುಮಾರು 1 ಕೆಜಿ ಕ್ಯಾಡ್ಮಿಯಂ ಇದೆ ಎಂದರ್ಥ. ಈಗ ಅಲ್ಲಿ 2 ಟನ್ ಅಕ್ಕಿ ಬೆಳೆದು, ಅದರಲ್ಲಿ ಕೆಜಿಗೆ 0.5 ಮಿಲಿಗ್ರಾಂ ಕ್ಯಾಡ್ಮಿಯಂ ಸೇರಿಕೊಂಡಿತು ಅನ್ನೋಣ. ತಿನ್ನಲು ಅಯೋಗ್ಯವಾದ ಈ ಅಕ್ಕಿ ಮಣ್ಣಿನಿಂದ ಹೊರಗೆ ಒಯ್ದ ಕ್ಯಾಡ್ಮಿಯಂ ಬರೀ 1 ಗ್ರಾಂ. ಒಂದು ಕೆಜಿ ಖಾಲಿಯಾಗಲು ಇಂಥ ಸಾವಿರ ಬೆಳೆ ಬೇಕು. ಮಣ್ಣು ಸೇರಿದ ಲೋಹ ಕೊಳೆಯುವುದಿಲ್ಲ, ಬಿಸಿಲಿಗೆ ಆವಿಯಾಗುವುದಿಲ್ಲ, ಸೂಕ್ಷ್ಮಜೀವಿಗಳು ಅದನ್ನು ಒಡೆಯಲಾರವು.

ಇನ್ನು ಆ ಅಕ್ಕಿ ತಿಂದವರ ಲೆಕ್ಕ. ಆಹಾರ ಮತ್ತು ಆರೋಗ್ಯದ ಅಂತರರಾಷ್ಟ್ರೀಯ ತಜ್ಞ ಸಮಿತಿ 2010ರಲ್ಲಿ ಒಪ್ಪಿದ ಪ್ರಮಾಣದ ಪ್ರಕಾರ ದೇಹದ ಪ್ರತಿ ಕೆಜಿಗೆ ತಿಂಗಳಿಗೆ 25 ಮೈಕ್ರೋಗ್ರಾಂ ಕ್ಯಾಡ್ಮಿಯಂ ಮೀರಬಾರದು. 60 ಕೆಜಿ ತೂಕದವರಿಗೆ ಇದು ದಿನಕ್ಕೆ 50 ಮೈಕ್ರೋಗ್ರಾಂ. ಚೀನಾದ ಮಿತಿಯಾದ ಕೆಜಿಗೆ 0.2 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ ಅಕ್ಕಿಯನ್ನೇ ತಿಂದರೂ ಕಾಲು ಕೆಜಿ ಅಕ್ಕಿಗೆ ಆ ಪಾಲು ಮುಗಿಯಿತು. ಮೂರು ಹೊತ್ತು ಅನ್ನ ಉಣ್ಣುವ ಮನೆಯಲ್ಲಿ ಕಾಲು ಕೆಜಿ ದೊಡ್ಡ ಪ್ರಮಾಣವೇನಲ್ಲ. ಅಂತರರಾಷ್ಟ್ರೀಯ ಆಹಾರ ಸಂಹಿತೆ ಪಾಲಿಶ್ ಅಕ್ಕಿಗೆ 0.4ರ ತನಕ ಬಿಟ್ಟಿದೆ. ಅನ್ನವೇ ಮುಖ್ಯ ಆಹಾರವಾದ ಜನರಿಗೆ ಈ ಮಿತಿ ಸಡಿಲವಾಯಿತು ಎಂಬುದು ನನ್ನ ಅಭಿಪ್ರಾಯ. ಒಮ್ಮೆ ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ ಅರ್ಧ ಕಡಿಮೆಯಾಗಲು ಹತ್ತರಿಂದ ಮೂವತ್ತು ವರ್ಷ ಹಿಡಿಯುತ್ತದೆ. ಜಪಾನಿನ ತೊಯಾಮಾದಲ್ಲಿ ಗಣಿಯ ನೀರು ಹರಿದ ಗದ್ದೆಗಳ ಅಕ್ಕಿ ತಿಂದು ಮೂಳೆ ಮುರಿದು ನರಳಿದವರ ಕಾಯಿಲೆಗೆ ಕಾರಣ ಕ್ಯಾಡ್ಮಿಯಂ ಎಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಸುಮಾರು 863 ಹೆಕ್ಟೇರ್ ಗದ್ದೆಯ ಮಣ್ಣನ್ನು ಸರಿಪಡಿಸುವ ಕೆಲಸ ಮುಗಿದದ್ದು 2012ರಲ್ಲಿ.

ಸೀಸದ ಪೆಟ್ಟು ಬೀಳುವುದು ಮಕ್ಕಳ ಮೇಲೆ. 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗುಯಿಯುವಿನ ಆರು ವರ್ಷದೊಳಗಿನ ಮಕ್ಕಳಲ್ಲಿ ಶೇ. 81.8ರಷ್ಟು ಮಂದಿಯ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿತ್ತು. ಪಕ್ಕದ ಚೆಂಡಿಯನ್ ಪಟ್ಟಣದಲ್ಲಿ ಆ ಪ್ರಮಾಣ ಶೇ. 37.7.

ಚೀನಾ ಸರ್ಕಾರ ಮಾಡಿದ್ದನ್ನು ಚುಟುಕಾಗಿ ಹೇಳಬಹುದು. ಇ-ತ್ಯಾಜ್ಯದ ಆಮದನ್ನು 2000ದಲ್ಲೇ ನಿಷೇಧಿಸಿತ್ತು. ಕಾಗದದ ಮೇಲಿನ ನಿಷೇಧ ಬಂದರುಗಳಲ್ಲಿ ವರ್ಷಗಟ್ಟಲೆ ನಡೆಯಲಿಲ್ಲ. 2014ರ ಏಪ್ರಿಲ್‌ನಲ್ಲಿ ಹೊರಬಿದ್ದ ರಾಷ್ಟ್ರೀಯ ಮಣ್ಣು ಸಮೀಕ್ಷೆಯ ಪ್ರಕಾರ ಕೃಷಿಭೂಮಿಯ ಮಾದರಿ ಸ್ಥಳಗಳಲ್ಲಿ ಶೇ. 19.4 ಮಿತಿ ಮೀರಿದ್ದವು. 2015ರ ಕೊನೆಗೆ ಗುಯಿಯುವಿನ ಮನೆಮನೆಯ ಕೆಲಸವನ್ನು ಒಂದು ಕೈಗಾರಿಕಾ ಪ್ರದೇಶದೊಳಕ್ಕೆ ಸಾಗಿಸಿದರು. 2019ರ ಜನವರಿಯಿಂದ ಮಣ್ಣು ಮಾಲಿನ್ಯಕ್ಕೆಂದೇ ಪ್ರತ್ಯೇಕ ಕಾನೂನು ಬಂತು, 2021ರಿಂದ ಘನತ್ಯಾಜ್ಯದ ಆಮದು ಪೂರ್ತಿ ನಿಂತಿತು. ಈ ಕ್ರಮಗಳಲ್ಲಿ ಹೆಚ್ಚಿನವು ಹೊಸದಾಗಿ ಬೀಳುವ ಲೋಹವನ್ನು ತಡೆಯುವಂಥವು. ಬಿದ್ದದ್ದನ್ನು ತೆಗೆಯಲು ಲಾಂಗ್‌ಟಾಂಗ್‌ನ ಸಂಶೋಧಕರು ಕೊಟ್ಟ ಸಲಹೆ ನೇರವಾಗಿತ್ತು: ಹಳೆಯ ಸುಟ್ಟ ಜಾಗಗಳನ್ನು ಮೊದಲು ಶುದ್ಧ ಮಾಡಿ. ಅವು ಚಿಕ್ಕ ಜಾಗಗಳು, ಗುರುತಿಸುವುದು ಸುಲಭ, ಮಳೆ ಬಂದಾಗಲೆಲ್ಲ ಪಕ್ಕದ ಗದ್ದೆಗೆ ಲೋಹ ಹರಿಸುತ್ತಲೇ ಇರುವ ಮೂಲಗಳು ಅವೇ.

ನಮ್ಮ ಮಣ್ಣು ಚೀಟಿಯಲ್ಲಿ ಇಲ್ಲದ ಎರಡು ಹೆಸರು

ಇದೆಲ್ಲ ಚೀನಾದ ಕಥೆ ಎಂದು ಕನ್ನಡದ ಓದುಗರು ಪುಟ ಮಗುಚುವಂತಿಲ್ಲ. ಬೆಂಗಳೂರಿನ ಹಿತ್ತಲುಗಳಲ್ಲಿ ಇ-ತ್ಯಾಜ್ಯ ಬಿಚ್ಚುವ ಜಾಗಗಳ ಮಣ್ಣನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸೀಸ ಕೆಜಿಗೆ 2,850 ಮಿಲಿಗ್ರಾಂ, ಕ್ಯಾಡ್ಮಿಯಂ 39 ಮಿಲಿಗ್ರಾಂ ತನಕ ಸಿಕ್ಕಿತ್ತು. ಇವು ಗರಿಷ್ಠ ಅಂಕಿಗಳು, ನಿಜ. ಅಲ್ಲಿ ಯಾರೂ ಬೆಳೆ ತೆಗೆಯುತ್ತಿರಲಿಲ್ಲ ಎಂಬುದೂ ನಿಜವಿರಬಹುದು. ಆದರೆ ನಗರ ಬೆಳೆದಂತೆ ಗುಜರಿ ಕೆಲಸ ಹೊರವಲಯಕ್ಕೆ ಸರಿಯುತ್ತದೆ, ಹೊರವಲಯದಲ್ಲಿ ಇರುವುದು ಸೊಪ್ಪು, ತರಕಾರಿ, ಹೂವಿನ ತೋಟ. ಪರವಾನಗಿ ಪಡೆದು ಸರಿಯಾಗಿ ಬಿಚ್ಚುವ ಘಟಕಗಳು ಕರ್ನಾಟಕದಲ್ಲಿ ಸಾಕಷ್ಟು ಮೊದಲೇ ಶುರುವಾದವು, 2022ರ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ಜಾರಿಯಲ್ಲಿವೆ. ರಾತ್ರಿ ಹೊತ್ತು ವೈರು ಸುಡುವ ಹೊಗೆ ಮಾತ್ರ ಇನ್ನೂ ನಿಂತಿಲ್ಲ.

ನನ್ನನ್ನು ಹೆಚ್ಚು ಕಾಡುವುದು ನಮ್ಮ ಮಣ್ಣು ಆರೋಗ್ಯ ಚೀಟಿ. 2015ರಿಂದ ಕೊಡುತ್ತಿರುವ ಈ ಚೀಟಿಯಲ್ಲಿ ಹನ್ನೆರಡು ಅಂಶಗಳಿವೆ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ರಸಸಾರ, ಲವಣಾಂಶ, ಸಾವಯವ ಇಂಗಾಲ. ಸೀಸ ಇಲ್ಲ, ಕ್ಯಾಡ್ಮಿಯಂ ಇಲ್ಲ. ತಾಮ್ರ, ಸತು ಇವೆಯಾದರೂ ಅವನ್ನು ನೋಡುವುದು ಕೊರತೆ ಇದೆಯೇ ಎಂದು ತಿಳಿಯಲು. ತಾಮ್ರ ಕೆಜಿಗೆ 0.2 ಮಿಲಿಗ್ರಾಂ, ಸತು 0.6 ದಾಟಿದರೆ ‘ಸಾಕಷ್ಟಿದೆ’ ಎಂದು ಬರುತ್ತದೆ. ವೈರು ಸುಟ್ಟ ಜಾಗದ ಪಕ್ಕದ ಹೊಲದಲ್ಲಿ ತಾಮ್ರ ಅದರ ನೂರು ಪಟ್ಟು ಇದ್ದರೂ ಚೀಟಿಯಲ್ಲಿ ಬರುವುದು ಅದೇ ಮಾತು. ಲಾಂಗ್‌ಟಾಂಗ್‌ನ ಅನುಭವ ಹೇಳುವಂತೆ ಇಂಥ ಕಡೆ ಅತಿಯಾದ ತಾಮ್ರವೇ ಮೊದಲ ಸುಳಿವು. ತಾಮ್ರ ಬಂದಿದ್ದರೆ ಅದರ ಬೆನ್ನಿಗೆ ಕ್ಯಾಡ್ಮಿಯಂ ಬಂದಿದೆಯೇ ಎಂದು ನೋಡಲೇಬೇಕು.

ಇದಕ್ಕೆ ಹೊಸ ಪ್ರಯೋಗಾಲಯ ಕಟ್ಟಬೇಕಿಲ್ಲ. ಸತು, ತಾಮ್ರ ಅಳೆಯಲು ಮಣ್ಣನ್ನು ಡಿಟಿಪಿಎ ಎಂಬ ದ್ರಾವಣದಲ್ಲಿ ಅಲುಗಾಡಿಸಿ ಸೋಸಿದ ತಿಳಿ ಇರುತ್ತದಲ್ಲ, ಅದೇ ತಿಳಿಯಲ್ಲಿ ಬೆಳೆಗೆ ಸಿಗಬಲ್ಲ ಕ್ಯಾಡ್ಮಿಯಂ, ಸೀಸಗಳನ್ನೂ ಅಳೆಯಬಹುದು. ಯಂತ್ರ ಅದೇ, ಲೋಹಕ್ಕೆ ತಕ್ಕಂತೆ ಅದರೊಳಗೆ ಹಾಕುವ ದೀಪ ಮಾತ್ರ ಬೇರೆ. ಎಲ್ಲ ಹಳ್ಳಿಗೂ ಬೇಡ. ಗುಜರಿ ಅಂಗಳ, ಬ್ಯಾಟರಿ ಕರಗಿಸುವ ಜಾಗ, ವೈರು ಸುಡುವ ಬಯಲು ಇರುವ ಕಡೆ ಇಷ್ಟು ಮಾಡಿದರೆ ಎಲ್ಲಿ ಸುಣ್ಣ ಸಾಕು, ಎಲ್ಲಿ ಸೊಪ್ಪು ಬಿಟ್ಟು ಹೂವು ಬೆಳೆಯುವುದು ಲೇಸು ಎಂದು ತಿಳಿಯುತ್ತದೆ. ಮಲೆನಾಡು, ಕರಾವಳಿಯ ಗದ್ದೆಗಳಲ್ಲಂತೂ ಮಣ್ಣು ಮೊದಲೇ ಹುಳಿ, ಅಲ್ಲಿ ಸ್ವಲ್ಪ ಕ್ಯಾಡ್ಮಿಯಂ ಬಿದ್ದರೂ ಅಕ್ಕಿಗೆ ಹತ್ತಬಲ್ಲದು.

ಅಂಥ ಜಾಗದ ಪಕ್ಕದಲ್ಲಿ ಜಮೀನು ಇರುವವರು ಮಾದರಿ ತೆಗೆಯುವಾಗ ಗಮನಿಸಬೇಕಾದದ್ದು ಹೀಗಿದೆ. ಗೊಬ್ಬರದ ಶಿಫಾರಸಿಗಾಗಿ ಮಣ್ಣು ಕೊಡುವಾಗ ಬದು ಬಿಟ್ಟು, ಹೊಲದ ಎಂಟು ಹತ್ತು ಕಡೆಯ ಮಣ್ಣು ಬೆರೆಸಿ ಅರ್ಧ ಕೆಜಿ ಕೊಡುತ್ತೇವೆ. ಲೋಹ ಹುಡುಕುವಾಗ ಹಾಗೆ ಬೆರೆಸಿದರೆ ಕೆಟ್ಟ ಮೂಲೆ ಒಳ್ಳೆಯ ಮಣ್ಣಿನಲ್ಲಿ ಕರಗಿ ಮರೆಯಾಗುತ್ತದೆ. ಸುಡುವ ಜಾಗದ ಕಡೆಯ ಬದುವಿನಿಂದ ಒಂದು, ನೀರು ಒಳಬರುವ ತೂಬಿನ ಬಾಯಿಂದ ಒಂದು, ಗದ್ದೆಯ ನಡುವಿನಿಂದ ಒಂದು, ದೂರದ ಅಂಚಿನಿಂದ ಒಂದು, ಹೀಗೆ ಬೇರೆಬೇರೆ ಚೀಲದಲ್ಲಿ ಗುರುತು ಬರೆದು ತೆಗೆಯಬೇಕು. ಸತುವಿನ ಲೇಪವಿರುವ ಬಾಂಡಲಿ, ತುಕ್ಕು ಹಿಡಿದ ಗುದ್ದಲಿ ಬೇಡ. ಮರದ ಅಥವಾ ಸ್ಟೀಲಿನ ಸೌಟು, ಪ್ಲಾಸ್ಟಿಕ್ ಬುಟ್ಟಿ ಆಗುತ್ತದೆ. ಮೇಲಿನ 15ರಿಂದ 20 ಸೆಂ.ಮೀ. ಮಣ್ಣು ಸಾಕು, ಲೋಹ ಹೆಚ್ಚಾಗಿ ಅಷ್ಟರಲ್ಲೇ ನಿಲ್ಲುತ್ತದೆ. ಕೊಯ್ಲಿನ ಹೊತ್ತಿಗೆ ಅದೇ ನಾಲ್ಕು ಜಾಗಗಳ ತೆನೆಯನ್ನೂ ಬೇರೆಬೇರೆಯಾಗಿ ಕಟ್ಟಿ ಪರೀಕ್ಷೆಗೆ ಕೊಡಬೇಕು; ಮಣ್ಣಿನ ಅಂಕಿ, ಅಕ್ಕಿಯ ಅಂಕಿ ಎರಡನ್ನೂ ಎದುರುಬದುರು ಇಟ್ಟು ನೋಡದೆ ಆ ಗದ್ದೆಯ ಬಗ್ಗೆ ಯಾರೂ ತೀರ್ಮಾನ ಹೇಳುವಂತಿಲ್ಲ.